ದೊಡ್ಡವ್ವನ ಕ್ಯಾಸೆಟ್ಟಿನ ಮೊದಲ ಎರಡು ಪದ

ಬ್ಯಾಡಗಿಯ ನಮ್ಮ ಮನೆಯಲ್ಲಿ ಸದ್ದಿಗೇನೂ ಕೊರತೆ ಇರಲಿಲ್ಲ. ಅಪ್ಪನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಚೀಲಗಳೆಲ್ಲ ಮನೆಯ ಪಡಸಾಲೆಗೆ ಬಂದು ಬೀಳುತ್ತಿದ್ದವು. ನಾನೂ ನನ್ನ ತಮ್ಮನೂ ಆ ಚೀಲಗಳ ಸಂದಿಯಲ್ಲೇ ತಾಟು ಇಟ್ಟುಕೊಂಡು ಊಟಕ್ಕೆ ಕೂರುತ್ತಿದ್ದೆವು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಕಾಲು ಚಾಚಿ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ತುಂಬು ಬಿಡಿಸುವುದು ಎಂದು ಆ ಕೆಲಸಕ್ಕೆ ಹೆಸರು. ಅವರ ಮಾತು, ಜಗಳ, ಕೆಮ್ಮು, ನಗು ಎಲ್ಲ ಅಡಿಗೆಮನೆಯವರೆಗೆ ಬರುತ್ತಿತ್ತು. ಹೊರಗಿನಿಂದ ಬಂದ ಬೀಗರು ಹೊಸ್ತಿಲು ದಾಟಿದ ಕೂಡಲೇ ಸೀನಲು ಶುರುಮಾಡಿದರೆ ಚಹಾ ಕುಡಿದು ಎದ್ದು ಹೋಗುವವರೆಗೂ ಸೀನುತ್ತಿದ್ದರು. ನಮ್ಮ ಮೂಗುಗಳು ಮಾತ್ರ ಕಲ್ಲಾಗಿದ್ದವು. ಇಷ್ಟೆಲ್ಲ ಸದ್ದಿನ ಮನೆಯಲ್ಲಿ ಹಾಡೊಂದು ಇರಲಿಲ್ಲ. ಅದು ಇಲ್ಲ ಎನ್ನುವುದೇ ನನಗೆ ಬಹಳ ದಿನ ತಿಳಿದಿರಲಿಲ್ಲ. ಹುಟ್ಟಿದಾಗಿನಿಂದ ಇಲ್ಲದ್ದನ್ನು ಯಾರು ಹುಡುಕುತ್ತಾರೆ?

ಪಂಚಮಿಗೆ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಹೆಂಗಸರೆಲ್ಲ ಸರದಿಯ ಮೇಲೆ ಹಾಡುತ್ತಿದ್ದರು. ಅವ್ವನ ಸರದಿ ಬಂದರೆ ಅವಳು ಶೇಂಗಾ ಉಂಡಿ ಹಂಚುವ ನೆವದಲ್ಲಿ ಎದ್ದುಬಿಡುವಳು. ತನಗೆ ಹಾಡಲು ಬರುವುದಿಲ್ಲ ಎನ್ನುವಳು. ಓಣಿಯವರು ಅದನ್ನು ನಂಬಿ, ಪಾಪ, ಪಾರವ್ವನಿಗೆ ದೇವರು ಎಲ್ಲ ಕೊಟ್ಟು ಕಂಠ ಒಂದು ಕೊಡಲಿಲ್ಲ ಎಂದು ಮರುಗುತ್ತಿದ್ದರು. ನನ್ನ ತಮ್ಮನನ್ನು ಮಲಗಿಸುವಾಗಲೂ ಅವಳು ಬರೀ ಬೆನ್ನು ತಟ್ಟುತ್ತಿದ್ದಳು. ಒಮ್ಮೆ ನಾನು ಶಾಲೆಯ ಪ್ರಾರ್ಥನೆಯನ್ನು ಮನೆಯಲ್ಲಿ ಗಂಟಲು ಬಿಚ್ಚಿ ಹಾಡಿದ್ದಕ್ಕೆ ಅವ್ವ ಬಂದು ತೊಡೆ ಚಿವುಟಿದಳು. ನಾನು ಅಳಲಿಲ್ಲ, ಜಗಳ ತೆಗೆದೆ. ನಾನು ಮೊದಲಿನಿಂದಲೂ ಬಾಯಿಬಡುಕಿ. ಮುಂದೆ ಇಪ್ಪತ್ತು ವರ್ಷ ಕೋರ್ಟಿನಲ್ಲಿ ಮಾತಾಡಿ ಹೊಟ್ಟೆ ಹೊರೆದವಳು. ಆ ದಿನ ಅವ್ವನಿಂದ ಒಂದು ಉತ್ತರವನ್ನೂ ಹೊರಡಿಸಲು ನನ್ನಿಂದಾಗಲಿಲ್ಲ.

ಹಾಡಬಾರದೆಂಬುದು ಆಯಿಯ ಕಟ್ಟಳೆ. ಆಯಿ ಎಂದರೆ ಅಪ್ಪನ ತಾಯಿ. ಪಡಸಾಲೆಯ ನಡುಗಂಬಕ್ಕೆ ಒರಗಿ ಕುಳಿತರೆ ಅಡಿಗೆಮನೆ, ಹಿತ್ತಲು, ಬಾಗಿಲು ಮೂರೂ ಅವಳ ಕಣ್ಣಳತೆಯಲ್ಲಿರುತ್ತಿದ್ದವು. ನನ್ನ ಅಜ್ಜನಿಗೆ ನಾಟಕದ ಹುಚ್ಚು. ಸುಗ್ಗಿ ಮುಗಿಯುತ್ತಲೇ ಯಾವುದೋ ಕಂಪನಿಯ ಬೆನ್ನು ಹತ್ತಿ ಊರೂರು ತಿರುಗಲು ಹೋದರೆ ಮಳೆ ಬಿದ್ದ ಮೇಲೆ ಮನೆಗೆ ಬರುತ್ತಿದ್ದನಂತೆ. ಆ ದಿನಗಳಲ್ಲಿ ಆಯಿ ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟಳು. ಎರಡನೆಯ ಸಲ ಗಂಡನಿಗೆ ಸುದ್ದಿ ಮುಟ್ಟಿಸಲು ಅವನು ಯಾವ ಊರಿನಲ್ಲಿದ್ದಾನೆಂದೇ ಗೊತ್ತಿರಲಿಲ್ಲವಂತೆ. ಇದನ್ನು ಅವಳು ಅಳುತ್ತ ಹೇಳಿದ್ದನ್ನು ನಾನು ಕಂಡಿಲ್ಲ. ಅಕ್ಕಿ ಹಸನು ಮಾಡುತ್ತ, ಕಲ್ಲು ಆರಿಸಿ ಒಗೆಯುತ್ತ ಹೇಳುತ್ತಿದ್ದಳು. ಇಂಥ ಆಯಿಗೆ, ಅಪ್ಪ ಒಪ್ಪಿಕೊಂಡ ಹುಡುಗಿಯ ಅಕ್ಕ ನಾಟಕ ಕಂಪನಿಯಲ್ಲಿ ಹಾಡುವವಳು ಎಂದು ತಿಳಿದಾಗ ಮನೆಯಲ್ಲಿ ಎರಡು ದಿನ ಒಲೆ ಹೊತ್ತಲಿಲ್ಲವಂತೆ. ಅಪ್ಪ ಹಟ ಬಿಡಲಿಲ್ಲ. ಹುಡುಗಿ ಹೊಸರಿತ್ತಿಯಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದವಳು, ಶಾಲೆ ಕಲಿತವಳು, ನೂಲು ತೆಗೆಯುವವಳು, ಕಂಪನಿಯ ಗಾಳಿಯೂ ಅವಳಿಗೆ ತಾಗಿಲ್ಲ ಎಂದು ಹಿರಿಯರು ಹೇಳಿದ ಮೇಲೆ ಆಯಿ ಒಂದು ಕರಾರಿನ ಮೇಲೆ ಒಪ್ಪಿದಳು: ಕಂಪನಿಯ ಹಾಡು ತನ್ನ ಹೊಸ್ತಿಲ ಒಳಗೆ ಕೇಳಬಾರದು. ಅವ್ವ ಅದಕ್ಕೆ ತಲೆಯಾಡಿಸಿದಳು. ಕಂಪನಿಯ ಹಾಡೇನು, ಯಾವ ಹಾಡನ್ನೂ ಹಾಡಲಿಲ್ಲ. ಒಂದು ಹಾಡಿದರೆ ಇನ್ನೊಂದು ತಾನಾಗಿ ಬಂದೀತೆಂಬ ಹೆದರಿಕೆ ಅವಳಿಗಿತ್ತೆಂದು ನನಗೆ ಈಗ ಅನಿಸುತ್ತದೆ.

ಆ ಅಕ್ಕನೇ ನನ್ನ ದೊಡ್ಡವ್ವ. ತುಳಸಾಬಾಯಿ ಎಂದರೆ ಒಂದು ಕಾಲಕ್ಕೆ ಹಾವೇರಿ ಸೀಮೆಯಲ್ಲಿ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ನಾನು ಕಂಡಾಗ ಕಂಪನಿ ಮುಚ್ಚಿತ್ತು. ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ಬೀಜದ ಅಂಗಡಿಯೊಂದರ ಹಿಂದೆ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಕೋಣೆಯಲ್ಲಿ ಒಲೆ, ಇನ್ನೊಂದರಲ್ಲಿ ಆಳೆತ್ತರದ ಕನ್ನಡಿ, ತಗಡಿನ ಪೆಟ್ಟಿಗೆ, ಕಾಲಿನಿಂದ ಗಾಳಿ ಒತ್ತಿ ನುಡಿಸುವ ಕಾಲಪೇಟಿ. ನಮ್ಮ ಮನೆಗೆ ಬಂದರೆ ದೊಡ್ಡವ್ವ ಆಯಿಯ ಎದುರು ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ತನ್ನ ಮನೆಯಲ್ಲಿ ಮಾತ್ರ, ಒಳಗಿನಿಂದ ಒಂದು ಲೋಟ ನೀರು ತಾ ಎಂದರೂ ಹಿಂದಿನ ಸಾಲಿನವರೆಗೆ ಮುಟ್ಟುವ ಹಾಗೆ ಹೇಳುವಳು. ದಸರೆಯ ಸೂಟಿಗೆ ಅವ್ವ ನಮ್ಮನ್ನು ಪ್ಯಾಸೆಂಜರ್ ಗಾಡಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ನನ್ನ ಬಾಲ್ಯದ ಅತಿ ಖುಷಿಯ ದಿನಗಳು ಅವು. ಅಲ್ಲಿ ಅವ್ವ ಜಡೆ ಬಿಚ್ಚಿಕೊಂಡು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಹೀಗೇ ಹೋದ ಒಂದು ದಿನ ಹಾವೇರಿಯಿಂದ ಮಲ್ಲೇಶಪ್ಪ ಎಂಬವನು ಬಂದ. ಬಸ್ ಸ್ಟ್ಯಾಂಡಿನ ಬಳಿ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ. ಚಿಕ್ಕಂದಿನಲ್ಲಿ ದೊಡ್ಡವ್ವನ ಒಂದು ನಾಟಕವನ್ನೂ ಬಿಡದೆ ನೋಡಿದವನಂತೆ. ಅವಳು ರಂಗದ ಮೇಲೆ ಹಾಡಿದ ಒಂದು ಪದವೂ ಎಲ್ಲಿಯೂ ಮುದ್ರಣವಾಗಿಲ್ಲ, ಅವಳ ಮೂವತ್ತು ವರ್ಷದ ಹಾಡಿಕೆಯನ್ನೆಲ್ಲ ಒಂದೇ ಕ್ಯಾಸೆಟ್ಟಿಗೆ ಇಳಿಸಬೇಕು ಎಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಕೊಂಡೇ ಬಂದಿದ್ದ. ಮೊದಲು ಬಾಲಪಾತ್ರದ ಎರಡು ಪದ, ಆಮೇಲೆ ನಾಯಕಿಯವು ಆರು, ಕೊನೆಗೆ ತಾಯಿಪಾತ್ರದವು ನಾಲ್ಕು. ದೊಡ್ಡವ್ವ ಕನ್ನಡಕ ಏರಿಸಿ ಓದಿದಳು. ಮೊದಲ ಎರಡನ್ನು ಬೆರಳಿನಿಂದ ಮುಚ್ಚಿ, ಉಳಿದವನ್ನು ಹಾಡುತ್ತೇನೆ ಎಂದಳು. ಮಲ್ಲೇಶಪ್ಪನ ಮುಖ ಸಣ್ಣದಾಯಿತು. ಜನ ಕೇಳುವುದೇ ಆ ಎರಡನ್ನು, ಅವಿಲ್ಲದಿದ್ದರೆ ತಲೆ ಇಲ್ಲದ ಮೂರ್ತಿ ಮಾಡಿದ ಹಾಗಾಗುತ್ತದೆ ಎಂದು ಗೋಗರೆದ.

“ಅವು ನನ್ನವಲ್ಲ ಮಲ್ಲೇಶಪ್ಪ. ಕೊಟ್ಟಬಿಟ್ಟೇನಿ.”

“ಯಾರಿಗೆ ಕೊಟ್ಟೀರಿ ಹೇಳ್ರಿ ಅಕ್ಕಾರ. ನಾ ಹೋಗಿ ಕಾಲ ಹಿಡೀತೀನಿ.”

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತಿತು. ದೊಡ್ಡವ್ವ ಅವನಿಗೆ ಚಹಾ ಕುಡಿಸಿ ಕಳಿಸಿದಳು.

ಅವರ ಕಂಪನಿಯಲ್ಲಿ ಒಂದು ರೂಢಿ ಇತ್ತು. ಬಾಲಪಾತ್ರದ ಹುಡುಗಿ ದೊಡ್ಡವಳಾಗಿ ನಾಯಕಿಯಾಗುವಾಗ ತನ್ನ ಪದಗಳನ್ನು ಮುಂದಿನ ಹುಡುಗಿಗೆ ಬಿಟ್ಟುಕೊಡಬೇಕು. ಬರೀ ಕಲಿಸಿದರೆ ಆಗಲಿಲ್ಲ. ಎಲ್ಲರ ಎದುರು ಕಾಲಪೇಟಿಯ ಮುಂದೆ ಅವಳನ್ನು ಕೂರಿಸಿ, ಅಕ್ಕಿ, ಕಾಯಿ, ಕುಬಸದ ಕಣ ಇಟ್ಟು ಉಡಿ ತುಂಬಿ ಕೊಡಬೇಕು. ಹಾಗೆ ಕೊಟ್ಟ ಪದವನ್ನು ಕೊಟ್ಟವಳು ಮತ್ತೆ ಬಾಯಲ್ಲಿ ತರುವ ಹಾಗಿಲ್ಲ, ಬಚ್ಚಲಿನಲ್ಲಿ ಕೂಡ. ನಾಯಕಿಯ ಪದಗಳನ್ನು ಕೊಡುವ ಹೊತ್ತಿಗೆ ಹಾಡುವ ಹುಡುಗಿಯರೇ ಸಿಗದಂತಾಗಿ ಅವು ದೊಡ್ಡವ್ವನಲ್ಲೇ ಉಳಿದಿದ್ದವು. ಬಾಲಪಾತ್ರದ ಎರಡನ್ನು ಮಾತ್ರ ಅವಳು ಕೊಟ್ಟಿದ್ದಳು. ಯಾರಿಗೆ ಎಂಬುದು ಆ ಮಧ್ಯಾಹ್ನ ಅಕ್ಕ ತಂಗಿಯರ ಜಗಳದಲ್ಲಿ ನನ್ನ ಕಿವಿಗೆ ಬಿತ್ತು. ಒಂಬತ್ತು ವರ್ಷದ ತನ್ನ ತಂಗಿಗೆ, ಅಂದರೆ ನನ್ನ ಅವ್ವನಿಗೆ. ಅವ್ವ ಎರಡು ವರ್ಷ ರಂಗದ ಮೇಲೆ ಕಾಡಿಗೆ ಹೊರಟ ರಾಜಕುಮಾರನಾಗಿ ನಿಂತು ತಾಯಿಗೆ ಸಮಾಧಾನ ಹೇಳುವ ಪದ ಹಾಡಿದ್ದಳು. ತಂಗಿಗೆ ಮರ್ಯಾದೆಯ ಮನೆ ಸಿಗಬೇಕೆಂದು ದೊಡ್ಡವ್ವನೇ ಹನ್ನೊಂದಕ್ಕೆ ಅವಳನ್ನು ಬಿಡಿಸಿ ಹೊಸರಿತ್ತಿಗೆ ಕಳಿಸಿದ್ದಳು. ಮದುವೆಯ ಮಾತಿನಲ್ಲಿ ಆ ಎರಡು ವರ್ಷಗಳನ್ನು ಯಾರೂ ಎತ್ತಿರಲಿಲ್ಲ.

ನನಗೆ ಆದದ್ದು ಸಿಟ್ಟು. ಬೇರೆ ಏನೂ ಅಲ್ಲ. ನನ್ನ ತೊಡೆ ಚಿವುಟಿದ ಕೈ ಅದು. ಜೋಕಾಲಿಯ ಕೆಳಗೆ ಬರುವುದಿಲ್ಲ ಎಂದು ಉಂಡಿ ಹಂಚಿದ ಕೈ. ಅವ್ವ ತಾನು ಹಾಡುವೆನೆಂದಳು, ದೊಡ್ಡವ್ವ ಬೇಡವೆಂದಳು. ಅತ್ತೆಗೆ ತಿಳಿದರೆ ಈ ವಯಸ್ಸಿನಲ್ಲಿ ಎರಡು ಮಕ್ಕಳ ಜೊತೆ ಬಾಗಿಲ ಹೊರಗೆ ನಿಲ್ಲಬೇಕಾದೀತು ಎಂದಳು. ಕೊನೆಗೆ ಅವ್ವ ಹಿಟ್ಟಿನ ಕೈಯಲ್ಲೇ ಅಕ್ಕನ ಮೊಣಕೈ ಹಿಡಿದಳು.

“ಹೆಸರು ನಿಂದ ಇರಲಿ ಅಕ್ಕ, ಫೋಟೋನೂ ನಿಂದ ಇರಲಿ. ದನಿ ಅಷ್ಟ ನಂದು. ಒಂದ ಸಲ ಹಾಡತೀನಿ, ಇನ್ನ ಕೇಳೂದಿಲ್ಲ.”

ದೊಡ್ಡವ್ವ ಮುಖ ಅತ್ತ ತಿರುಗಿಸಿ ಹೂಂ ಎಂದಳು. ಆಮೇಲೆ ಅವ್ವ ನನ್ನನ್ನು ಕರೆದು, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತನ್ನ ತಲೆಯ ಮೇಲೆ ಕೈ ಇಡಿಸಿಕೊಂಡು ಆಣೆ ಹಾಕಿಸಿಕೊಂಡಳು.

ಮುಂದಿನ ವಾರ ಹಾವೇರಿಯಲ್ಲಿ ದೊಡ್ಡವ್ವನ ಕಣ್ಣು ತೋರಿಸಬೇಕೆಂದು ಬ್ಯಾಡಗಿಗೆ ಹೇಳಿ ಕಳಿಸಿ ನಾವು ಉಳಿದುಕೊಂಡೆವು. ಮಲ್ಲೇಶಪ್ಪನ ಅಂಗಡಿಯ ಮೇಲಿನ ಕೋಣೆಯ ಗೋಡೆಗಳಿಗೆಲ್ಲ ಕೌದಿ ತೂಗುಹಾಕಿದ್ದರು. ಕಿಟಕಿಗೆ ಹಾಸಿಗೆ ಒತ್ತಿ ನಿಲ್ಲಿಸಿದ್ದರು. ಹಳೆಯ ಕಂಪನಿಯ ಪೇಟಿ ಮಾಸ್ತರನನ್ನು ಎಲ್ಲಿಂದಲೋ ಹುಡುಕಿ ತಂದಿದ್ದರು; ಅವನಿಗೆ ಕಣ್ಣು ಮಂಜಾಗಿತ್ತು, ಆದರೆ ಅವ್ವ ‘ಮಾಸ್ತರ’ ಎಂದು ಕರೆದ ಕೂಡಲೇ ‘ಪಾರಿ ಬಂದ್ಲು’ ಎಂದ. ದೊಡ್ಡವ್ವ ಹತ್ತು ಪದಗಳನ್ನೂ ನಿಂತೇ ಹಾಡಿದಳು, ಕೂತು ಹಾಡಿ ಗೊತ್ತಿಲ್ಲ ಎಂದಳು. ಒಂದೊಂದು ಪದ ಮುಗಿದಾಗಲೂ ಕೈ ಮುಗಿದು ಸುಮ್ಮನೆ ನಿಲ್ಲುತ್ತಿದ್ದಳು. ಜನ ಮತ್ತೊಮ್ಮೆ ಹಾಡು ಎಂದು ಕೂಗುವಷ್ಟು ಹೊತ್ತು ಕಾಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಮಲ್ಲೇಶಪ್ಪ ಮಷೀನು ನಿಲ್ಲಿಸಿ ಅವಳು ಕೈ ಇಳಿಸುವವರೆಗೆ ತಾನೂ ಕೈ ಮುಗಿದು ನಿಂತಿರುತ್ತಿದ್ದ.

ಕೊನೆಗೆ ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಸಾಲಿಗೆ ಗಂಟಲು ಒಡೆಯಿತು. ಮಾಸ್ತರ ಮತ್ತೆ ಅದೇ ಸ್ವರ ಹಿಡಿದ. ಎರಡನೆಯ ಸಲ ಬಂದ ದನಿ ನನ್ನ ಅವ್ವನದಾಗಿರಲಿಲ್ಲ. ನನ್ನಷ್ಟೇ ವಯಸ್ಸಿನ, ನನಗಿಂತ ಧೈರ್ಯದ ಯಾವುದೋ ಮಗುವಿನ ದನಿ. ಮದುವೆಯಾದಾಗಿನಿಂದ ಹದಿನಾಲ್ಕು ವರ್ಷ ಬಳಸದೆ ಇಟ್ಟಿದ್ದಕ್ಕೋ ಏನೋ ಅದಕ್ಕೆ ವಯಸ್ಸೇ ಆಗಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನಾನು ಅತ್ತೆ. ಅವ್ವ ಯಾರೆಂದು ನನಗೆ ಗೊತ್ತೇ ಇಲ್ಲ, ಇಷ್ಟು ದಿನ ಅವಳ ಕೈಯಡಿಗೆ ಮಾತ್ರ ಉಂಡಿದ್ದೇನೆ ಅನಿಸಿತು.

ಎರಡು ತಿಂಗಳಲ್ಲಿ ಕ್ಯಾಸೆಟ್ಟು ಬಂತು. ಕವಚದ ಮೇಲೆ ಮೂಗುತಿ ಹಾಕಿಕೊಂಡ ದೊಡ್ಡವ್ವನ ಹಳೆಯ ಫೋಟೋ, ಕೆಳಗೆ ‘ತುಳಸಾಬಾಯಿ: ಬಾಲಪಾತ್ರದಿಂದ ತಾಯಿಪಾತ್ರದವರೆಗೆ’ ಎಂಬ ಸಾಲು. ಹಾವೇರಿ, ರಾಣೆಬೆನ್ನೂರಿನ ಬಸ್ ಸ್ಟ್ಯಾಂಡುಗಳಲ್ಲಿ ಅದೇ ಹಾಡತೊಡಗಿತು. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಚಹಾದಂಗಡಿಯವನು ಅದನ್ನೇ ಹಾಕಿದ್ದ ಎಂದು ಬಂದವರು ಹೇಳಿದರು. ಒಂದು ದಿನ ಅಪ್ಪ ಹೊಸ ಟೇಪ್‌ರೆಕಾರ್ಡರಿನ ಜೊತೆ ಆ ಕ್ಯಾಸೆಟ್ಟನ್ನೇ ಮನೆಗೆ ತಂದ. ಆಯಿ ಕೇಳುವ ಮೊದಲೇ, ಉಳಿದ ಅಂಗಡಿಯವರೆಲ್ಲ ಹಾಡು ಹಚ್ಚಿದ್ದಾರೆ, ಹಾಡಿದ್ದರೆ ಹೆಂಗಸರ ಕೈ ಚುರುಕಾಗಿ ಓಡುತ್ತದೆ ಎಂದ. ಕಂಪನಿಯ ಹಾಡಲ್ಲವೇ ಎಂದು ಆಯಿ ಹುಬ್ಬು ಗಂಟಿಕ್ಕಿದಾಗ, ಇದು ಕಂಪನಿಯಲ್ಲ, ಕ್ಯಾಸೆಟ್ಟು ಎಂದು ವಾದಿಸಿದ. ನಮ್ಮ ಅಪ್ಪ ವಕೀಲಿಕೆ ಮಾಡಿದ್ದರೆ ನಾನು ಅವನ ಆಫೀಸಿನಲ್ಲೇ ಸೇರುತ್ತಿದ್ದೆ. ಟೇಪ್‌ರೆಕಾರ್ಡರ್ ಚಪ್ಪರದ ಗೂಟಕ್ಕೆ ತೂಗಿತು. ಮೊದಲ ಎರಡು ಪದ ಬರುವಾಗಲೆಲ್ಲ ಅವ್ವ ಬಚ್ಚಲಿಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು.

ಆ ಪದಗಳನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಆಯಿ. ಮೊದಮೊದಲು ಕೇಳಿಸದವಳ ಹಾಗೆ ಕುಳಿತಿದ್ದವಳು ಆಮೇಲೆ ಕಂಬ ಬಿಟ್ಟು ಹಿತ್ತಲ ಬಾಗಿಲಿಗೆ ಬಂದು ಕೂತಳು. ಕಾಡಿಗೆ ಹೋಗುವ ಮಗ ತಾಯಿಗೆ ಅಳಬೇಡ ಎನ್ನುವಲ್ಲಿ ಕಣ್ಣು ಒರೆಸಿಕೊಳ್ಳುವಳು. ಮಣ್ಣಿಗೆ ಕೊಟ್ಟ ಮಕ್ಕಳು ಅವಳಿಗೆ ನೆನಪಾಗುತ್ತಿದ್ದವೆಂದು ಈಗ ಅರ್ಥವಾಗುತ್ತದೆ. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಬಂದಿದ್ದ. ಹಿತ್ತಲಲ್ಲಿ ಆ ಪದ ಮುಗಿಯಿತು. ಈ ವಯಸ್ಸಿನಲ್ಲೂ ತುಳಸಾಬಾಯಿಯದು ಎಂಥ ಎಳೆಯ ದನಿ ಎಂದು ಹೆಂಗಸರು ಬಾಯಿ ತುಂಬ ಹೊಗಳಿದರು. ಆಯಿ, ಅಪ್ಪನ ತಾಟಿಗೆ ಮಜ್ಜಿಗೆ ಹಾಕುತ್ತಿದ್ದ ಅವ್ವನ ಕಡೆ ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಅಕ್ಕಗ ಕೊಟ್ಟ ದೇವರು ತಂಗಿಗೆ ಒಂದ ಚಿಟಿಕಿ ಕೊಡಲಿಲ್ಲ ನೋಡು.”

ಹೆಂಗಸರು ನಕ್ಕರು. ಅವ್ವನೂ ನಕ್ಕಳು. ಆ ನಗೆಯೇ ನನ್ನನ್ನು ಕೆಡಿಸಿದ್ದು. ಆಣೆ, ತಲೆ, ಕೈ ಯಾವುದೂ ನೆನಪಿಗೆ ಬರಲಿಲ್ಲ.

“ಅದು ದೊಡ್ಡವ್ವನ ದನಿ ಅಲ್ಲ ಆಯಿ. ನಮ್ಮವ್ವಂದು.”

ಹಿತ್ತಲಿನಲ್ಲಿ ಯಾರೋ ಟೇಪು ಬಂದ್ ಮಾಡಿದರು. ಆಯಿ ಕೇಳಿದ್ದಕ್ಕೆ ಅವ್ವ ಸುಳ್ಳು ಹೇಳಲಿಲ್ಲ. ಹಾಡಿದ್ದು ತಾನೇ ಎಂದಳು. ಚಿಕ್ಕಂದಿನಲ್ಲಿ ಎರಡು ವರ್ಷ ಕಂಪನಿಯಲ್ಲಿದ್ದೆ ಎಂದಳು. ಕೊಟ್ಟ ಮಾತಿನಂತೆ ಈ ಹೊಸ್ತಿಲ ಒಳಗೆ ಎಂದೂ ಹಾಡಿಲ್ಲ ಎಂದಳು. ಇಷ್ಟನ್ನೂ ಮಜ್ಜಿಗೆಯ ಪಾತ್ರೆ ಕೆಳಗಿಡದೆ, ಕಣ್ಣಲ್ಲಿ ಹನಿ ಇಲ್ಲದೆ ಹೇಳಿದಳು. ಆಯಿ ಬಾಗಿಲಿಗೆ ಕೈ ಕೊಟ್ಟು ಎದ್ದಳು. ತನ್ನ ಮಗನಿಗೆ ಮೋಸ ಮಾಡಿ ಕಟ್ಟಿದರು, ಹದಿನಾಲ್ಕು ವರ್ಷ ಈ ಮನೆಯ ಅನ್ನ ಬೇಯಿಸಿದವಳು ಯಾರೆಂದೇ ತಮಗೆ ತಿಳಿಯದೆ ಹೋಯಿತು, ಈಗಲೇ ಅಕ್ಕನ ಮನೆಯ ದಾರಿ ಹಿಡಿಯಲಿ ಎಂದಳು. ನಾನು ಚೀಲಗಳ ಸಂದಿಯಲ್ಲಿ ನಿಂತಿದ್ದೆ. ನನ್ನ ಒಂದು ಮಾತಿನಿಂದ ಅವ್ವ ಮನೆ ಬಿಡಬೇಕಾಗಿ ಬಂತು ಎಂಬುದೊಂದೇ ತಲೆಯಲ್ಲಿತ್ತು. ಆಗ ಅಪ್ಪ ಎಂಜಲುಗೈಯಲ್ಲೇ ಎದ್ದ.

“ನನಗ ಯಾರೂ ಮೋಸ ಮಾಡಿಲ್ಲವ್ವ. ನನಗ ಗೊತ್ತಿತ್ತು. ಮೋಟೆಬೆನ್ನೂರಾಗ ಕಂಪನಿ ಬಂದಾಗ ಅಪ್ಪನ ಜೋಡಿ ಹೋಗಿ ಈಕಿ ಪದಾ ಕೇಳಿದ್ದೆ. ಹೆಣ್ಣ ನೋಡಾಕ ಹೋದಾಗ, ನೀರ ತಗೋರಿ ಅಂದ್ಲಲ್ಲ, ಅಷ್ಟಕ್ಕ ಗುರುತ ಸಿಕ್ತು. ಈ ಕ್ಯಾಸೆಟ್ ತಂದಿದ್ದೂ ಅದಕ್ಕ. ಮನಿ ಬಿಡೂದಿದ್ರ ಇಬ್ಬರೂ ಬಿಡತೀವಿ.”

ನನಗೆ ಜೀವ ಬಂದಂತಾಯಿತು. ಅಪ್ಪ ಇಷ್ಟು ದೊಡ್ಡವನೆಂದು ನಾನು ಅಂದುಕೊಂಡಿರಲಿಲ್ಲ. ಆಯಿ ಮಗನನ್ನೇ ನೋಡುತ್ತ ಮೆಲ್ಲಗೆ ಕುಳಿತಳು. ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ನಾನು ಅವ್ವನ ಮುಖ ನೋಡಿದೆ. ಆಯಿ ಅಷ್ಟೆಲ್ಲ ಅಂದಾಗ ನಿಂತೇ ಇದ್ದ ಅವ್ವ ಈಗ ಗೋಡೆಗೆ ಜಾರಿ ಕೂತಿದ್ದಳು. ಪಾತ್ರೆ ವಾಲಿ ಮಜ್ಜಿಗೆ ನೆಲದ ಮೇಲೆ ಹರಿಯುತ್ತಿತ್ತು.

“ಗೊತ್ತಿತ್ತೇನ್ರಿ ನಿಮಗ?” ಎಂದಳು. ಅಪ್ಪ ಹೂಂ ಎಂದ. ತಾನು ಮಾಡಿದ್ದು ಒಳ್ಳೆಯದೆಂಬ ನಂಬಿಕೆ ಅವನ ಮುಖದಲ್ಲಿತ್ತು.

“ಹದಿನಾಲ್ಕ ವರ್ಷ ಆತು. ಅತ್ತಿಯವರು ಇಲ್ಲದಾಗ, ಹೊಲಕ್ಕ ಹೋದಾಗ, ಒಂದ ದಿನಾ ಒಂದ ಪದಾ ಅನ್ನು ಅಂತ ಕೇಳಲಿಲ್ಲಲ್ರಿ. ನಿಮಗ ಗೊತ್ತಿಲ್ಲ ಅಂತ ನಾ ಬಾಯಿ ಕಟಗೊಂಡ ಬದುಕೇನಿ.”

ಕ್ಯಾಸೆಟ್ಟಿಗೂ ಕಂಪನಿಗೂ ವ್ಯತ್ಯಾಸ ಹುಡುಕಿದ್ದ ಅಪ್ಪ ಈಗ ಕೈ ತೊಳೆಯದೆ ಅಂಗಡಿಗೆ ಹೋದ.

ಆಯಿ ಮೂರು ದಿನ ಮಗನ ಜೊತೆ ಮಾತು ಬಿಟ್ಟಳು, ಸೊಸೆಯ ಜೊತೆ ಬಿಡಲಿಲ್ಲ. ಮನೆ ಬಿಡುವ ಮಾತು ಮತ್ತೆ ಬರಲಿಲ್ಲ. ಕರಾರನ್ನು ಯಾರೂ ರದ್ದು ಮಾಡಲಿಲ್ಲ, ಅದು ತಾನಾಗಿ ಸತ್ತಿತು. ಅಪ್ಪ ಒಂದು ದಿನ ಧೈರ್ಯ ಮಾಡಿ, ಈಗ ಹಾಡು ಎಂದು ಅವ್ವನನ್ನು ಕೇಳಿದ. ಅವ್ವ ಕೇಳಿಸದವಳಂತೆ ಒಳಗೆ ಹೋದಳು. ಅವನು ಮತ್ತೆ ಕೇಳಲಿಲ್ಲ. ನಾನು ಆಣೆ ಮುರಿದದ್ದಕ್ಕೆ ಅವ್ವ ನನ್ನನ್ನು ಬೈಯಲೂ ಇಲ್ಲ, ತಲೆ ಸವರಲೂ ಇಲ್ಲ. ಮಾತಾಡಿದ್ದು ತಪ್ಪೋ, ಮಾತಾಡದೆ ಇದ್ದವರದು ತಪ್ಪೋ ಎಂಬುದನ್ನು ನಾನು ಇಂದಿಗೂ ಇತ್ಯರ್ಥ ಮಾಡಿಲ್ಲ.

ಬೇಸಿಗೆಯ ಹೊತ್ತಿಗೆ ಅವ್ವ ಅಡಿಗೆಮನೆಯಲ್ಲಿ ಹಾಡತೊಡಗಿದಳು, ಸಂಜೆ ದೀಪ ಹಚ್ಚುವ ಮುಂಚೆ. ಕಂಪನಿಯ ಪದವೇ. ಆಯಿ ಕಂಬದ ಬಳಿ ಕಣ್ಣು ಮುಚ್ಚಿ ಕೇಳುವಳು. ಅಪ್ಪ ಒಳಗೆ ಕಾಲಿಟ್ಟರೆ ಮಾತ್ರ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಎರಡು ಸಲ ಹೀಗಾದ ಮೇಲೆ ಅಪ್ಪ ಅಂಗಡಿಯಿಂದ ಬಂದವನು ಒಳಗೆ ಬರುವುದನ್ನೇ ಬಿಟ್ಟ. ಚಪ್ಪಲಿ ಬಿಟ್ಟು ಅಡಿಗೆಮನೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಹೋಗುವವರು ಯಾಕೆ ಹೊರಗೆ ಕೂತಿರಿ ಎಂದರೆ ಒಳಗೆ ಸೆಕೆ ಎನ್ನುತ್ತಿದ್ದ. ಹಾಡು ಮುಗಿದು ಸ್ವಲ್ಪ ಹೊತ್ತಾದ ಮೇಲೆ ಈಗತಾನೆ ಬಂದವನ ಹಾಗೆ ಕೆಮ್ಮಿ ಒಳಗೆ ಬರುವನು. ಅವನು ಅಲ್ಲಿರುವುದು ಅವ್ವನಿಗೆ ತಿಳಿಯದೆಂದು ಅವನ ನಂಬಿಕೆ. ನಾನೂ ಹಾಗೇ ತಿಳಿದಿದ್ದೆ. ಒಂದು ಸಂಜೆ ನಾನು ಒಲೆಯ ಬಳಿ ಪಾಠ ಓದುತ್ತಿದ್ದೆ. ಅವ್ವ ಪಲ್ಯ ಹೆಚ್ಚಿ ಮುಗಿಸಿದ್ದಳು, ಹಿಟ್ಟು ನಾದಿ ಮುಗಿಸಿದ್ದಳು, ಮಾಡಲು ಕೆಲಸವಿಲ್ಲದೆ ಸುಮ್ಮನೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಹೊರಗೆ ಅಪ್ಪನ ಚಪ್ಪಲಿಯ ಸದ್ದಾಯಿತು. ಅವನು ಕಟ್ಟೆಯ ಮೇಲೆ ಕೂತದ್ದೂ ಕೇಳಿಸಿತು. ಆಗ ಅವ್ವ ಹಾಡಲು ಶುರುಮಾಡಿದಳು.

ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ.